ಮುಳುಗಿದ ಮನೆಯ ಚಕ್ಕುಬಂದಿ

ಗೆಳೆಯರೇ, ಇವತ್ತು ಫೋನಿನಲ್ಲಿ ನನ್ನ ಮನೆಯ ಕಂದಾಯದ ದಾಖಲೆ ಹುಡುಕುತ್ತಿದ್ದಾಗ ಹುಲಿಗೆಮ್ಮಜ್ಜಿ ನೆನಪಾದಳು.

ಎಪ್ಪತ್ತರ ದಶಕದ ಕೊನೆ. ನಾನಾಗ ತಂಬ್ರಹಳ್ಳಿ ಕಡೆಯ ಒಂದು ಪಂಚಾಯಿತಿಯಲ್ಲಿ ಗುಮಾಸ್ತ. ಅಜ್ಜಿಯ ಊರು ತುಂಗಭದ್ರಾ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ಎಷ್ಟೋ ವರ್ಷವಾಗಿತ್ತು. ಆದರೂ ಆ ಮನೆಯ ಕಂದಾಯದ ಪುಸ್ತಕ ತೆಗೆಯಿರಿ ಎಂದು ಬಂದು ಕೂತಳು.

"ಆಜುಬಾಜು ಯಾರಿದ್ರು ಅಂತ ಓದ್ರಿ ಸಾಕು. ಕೊಟ್ರಪ್ಪನ ಮನಿ ಬಾವಿ ಕಡಿಗಿತ್ತು ಅಂತಾಳ ನಮ್ಮ ತಂಗಿ. ನನಗೂ ಮರ್ತಂಗ ಆಗೈತಿ."

ಹಳೆಯ ಪುಸ್ತಕದಲ್ಲಿ ಮನೆಯ ನಾಲ್ಕೂ ದಿಕ್ಕಿನ ಗಡಿ, ಅಂದರೆ ಚಕ್ಕುಬಂದಿ, ಬರೆದಿತ್ತು. ಓದಿದೆ. ಪೂರ್ವಕ್ಕೆ ಓಣಿ, ಪಶ್ಚಿಮಕ್ಕೆ ಕೊಟ್ರಪ್ಪನ ಮನೆ, ದಕ್ಷಿಣಕ್ಕೆ ದುರುಗಪ್ಪನ ಹಿತ್ತಲು, ಉತ್ತರಕ್ಕೆ ಬಾವಿಯ ದಾರಿ. ಅಜ್ಜಿ ಕಣ್ಣು ಮುಚ್ಚಿ ಕೇಳಿದಳು. ಒಂದೊಂದು ದಿಕ್ಕಿಗೂ ಅವಳ ಮುಖ ಆ ಕಡೆ ತಿರುಗುತ್ತಿತ್ತು.

ಆಮೇಲೆ ಸೆರಗಿನ ಗಂಟು ಬಿಚ್ಚಿದಳು. "ಈ ವರ್ಷದ ಕಂದಾಯ ಹಿಡ್ಕೊಳ್ರಿ."

"ನೀರಾಗಿನ ಮನಿಗೆ ಕಂದಾಯ ಇಲ್ಲವ್ವ."

"ಕಟ್ಟಿದ್ರ ನಮ್ದು ಅಂತ ಆಕ್ಕೈತಲ್ರಿ."

ಇಲ್ಲದ ಮನೆಗೆ ರಸೀದಿ ಹರಿಯುವ ಅಧಿಕಾರ ನನಗಿರಲಿಲ್ಲ. ಇನ್ನೊಮ್ಮೆ ಓದುವ ಅಧಿಕಾರವಂತೂ ಇತ್ತು. ಓದಿದೆ.