ಬೂಬಮ್ಮನ ಒಂದು ಗೀಟು ನೀರು

ದಾರಿಯ ಈ ಅಂಚಿನಿಂದ ಆ ಅಂಚಿಗೆ ಒಂದು ಗೀಟು ನೀರು. ಅಷ್ಟೇ. ಹಿತ್ತಾಳೆ ಚೊಂಬು ಬಗ್ಗಿಸಿಕೊಂಡು ಬೂಬಮ್ಮ ಧೂಳಿನಲ್ಲಿ ಅಡ್ಡಡ್ಡ ನಡೆದರೆ ಅವಳ ಹಿಂದೆಯೇ ಮಣ್ಣು ಕಪ್ಪಾಗುತ್ತಾ ಬರುತ್ತಿತ್ತು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು, ಗೀಟಿನ ಆಚೆ ನಿಂತ ಪ್ರವಾಸಿಗರಿಗೆ, "ಚಪ್ಪಲಿ ಬುಟ್ಟು ಬನ್ನಿ. ದಾಟ್‌ಬ್ಯಾಡಿ, ತುಳ್ಕಂಡು ಬನ್ನಿ. ಕಾಲು ನೆಂದ್ರೇನೇ ನಮ್ಮೂರು" ಎನ್ನುತ್ತಿದ್ದಳು. ಜೀನ್ಸ್ ತೊಟ್ಟವರಿರಲಿ, ಜರಿ ಸೀರೆಯವರಿರಲಿ, ಕ್ಯಾಮೆರಾ ನೇತುಹಾಕಿಕೊಂಡವರಿರಲಿ, ಎಲ್ಲರೂ ಆ ಅಂಗೈಯಗಲದ ಕೆಸರನ್ನು ತುಳಿದೇ ಒಳಗೆ ಬರಬೇಕು. ಮುಖ ಸಿಂಡರಿಸಿದವರನ್ನೂ ಅವಳು ಬಿಟ್ಟವಳಲ್ಲ.

ಊರಿನ ಹೆಸರು ನಡುಗೋಟೆ. ಶಿರಾದಿಂದ ಮದಲೂರಿನ ಕಡೆ ಹೋಗುವಾಗ ಒಳಗೆ ತಿರುಗಿಕೊಂಡರೆ ಒಂದು ದೊಡ್ಡ ಕೆರೆ, ಕೆರೆಯ ಮಧ್ಯೆ ದಿಬ್ಬ, ದಿಬ್ಬದ ಮೇಲೆ ಪಾಳೇಗಾರರ ಕಾಲದ ಕೋಟೆ, ಕೋಟೆಯೊಳಗೆ ಊರು. ಒಂದು ಕಾಲಕ್ಕೆ ಅಲ್ಲಿ ಪೇಟೆಯೇ ಇತ್ತಂತೆ. ನಾನು ನೋಡುವ ಹೊತ್ತಿಗೆ ಉಳಿದಿದ್ದವು ಕೆಲವೇ ಮನೆಗಳು. ಕೆರೆ ತುಂಬಿರುತ್ತಿದ್ದ ದಿನಗಳಲ್ಲಿ ಬಿದಿರಿನಿಂದ ಹೆಣೆದ ದುಂಡನೆಯ ತೆಪ್ಪದಲ್ಲೇ ಊರಿಗೆ ಹೋಗಬೇಕಾಗಿತ್ತು. ಇಳಿಯುವ ಕಡೆ ಕೊನೆಯ ಮೆಟ್ಟಿಲ ಮೇಲೆ ಯಾವಾಗಲೂ ನೀರು ನಿಂತಿರುತ್ತಿದ್ದುದರಿಂದ ಬಳೆಗಾರ ಬಂದರೂ, ಅಮಲ್ದಾರ ಬಂದರೂ ಕಾಲು ನೆನೆಯದೆ ಊರು ಸೇರುತ್ತಿರಲಿಲ್ಲ. ಹಾಗೆ ಅದೇ ಊರಿನ ಕಟ್ಟಳೆಯಾಯಿತು. ಕೆರೆ ಬತ್ತಿ, ಅಂಗಳದ ತುಂಬ ಜಾಲಿ ಎದ್ದು, ಜನ ಅದರ ನಡುವೆ ಕಾಲುದಾರಿ ಮಾಡಿಕೊಂಡ ಮೇಲೂ ಆ ಕಟ್ಟಳೆಯನ್ನು ಬಿಡದೆ ಹಿಡಿದವಳು ಬೂಬಮ್ಮ ಒಬ್ಬಳೇ.

ನಾನು ಮಧುಗಿರಿಯವನು, ಟೆಂಪೊ ಟ್ರಾವೆಲರ್ ಓಡಿಸುತ್ತೇನೆ. ಮಧುಗಿರಿ ಬೆಟ್ಟ, ಸಿದ್ದರಬೆಟ್ಟ, ಶಿರಾದ ಗೋರಿ ಮಸೀದಿಗಳು, ಎಲ್ಲ ಮುಗಿಸಿ ಸಂಜೆಗೆ ನಡುಗೋಟೆ, ಇದು ನನ್ನ ಸುತ್ತು. ಮೊದಲ ಸಲ ಹೋದಾಗ ಈ ಕಟ್ಟಳೆ ಗಿಟ್ಟಳೆ ನನಗೇನು ಗೊತ್ತು? ಕೆರೆಯಲ್ಲಿ ನೀರಿಲ್ಲ, ನೆಲ ಗಟ್ಟಿಯಾಗಿದೆ ಅಂತ ಗಾಡಿಯನ್ನು ಸೀದಾ ಕೋಟೆ ಬಾಗಿಲಿನ ಮೆಟ್ಟಿಲ ಬುಡಕ್ಕೇ ನುಗ್ಗಿಸಿದೆ. ಎಲ್ಲಿದ್ದಳೋ ಏನೋ, ಬಿಳಿ ಕೂದಲಿನ ಒಬ್ಬ ಮುದುಕಿ ಬಂದು ಬಾನೆಟ್ಟಿಗೆ ಎರಡೂ ಕೈ ಕೊಟ್ಟು ನಿಂತುಬಿಟ್ಟಳು.

"ಲೇ, ಯಾವನ್ಲಾ ನೀನು? ಕೆರೆ ಮ್ಯಾಲೆ ಗಾಡಿ ತಂದ್‌ಬುಟ್ಟಿದೀಯಲ್ಲ!"

"ಕೆರೆ ಎಲ್ಲೈತಮ್ಮ ಇಲ್ಲಿ? ಬರೀ ಧೂಳಲ್ವಾ?"

"ನಿನ್ ಕಣ್ಣಿಗೆ ಧೂಳು. ಹಿಂದಕ್ ತಗಿ. ಏರಿ ಮ್ಯಾಲೆ ನಿಲ್ಸಿ ಎಲ್ರನ್ನೂ ನಡ್ಸ್ಕಂಡು ಬಾ."

ಗಾಡಿಯಲ್ಲಿ ಮಂಡಿ ನೋವಿನ ಅಜ್ಜಿಯೊಬ್ಬರಿದ್ದರು. ಅವರನ್ನೇ ಮುಂದಿಟ್ಟುಕೊಂಡು ವಾದಕ್ಕೆ ನಿಂತೆ. ಬೂಬಮ್ಮ ಕಿಟಕಿಯೊಳಗೆ ಇಣುಕಿ ನೋಡಿ, "ಆ ಯಮ್ಮ ಕೂತಿರ್ಲಿ. ಉಳಿದೋರ್ಗೇನ್ ಬಂದೈತೆ ರೋಗ?" ಎಂದಳು. ಒಳಗೆ ಹೋಗಿ ಚೊಂಬು ತಂದು, ಅಜ್ಜಿಯ ಕಾಲನ್ನು ಗಾಡಿಯ ಮೆಟ್ಟಿಲ ಮೇಲೆ ತಾನೇ ಎತ್ತಿಟ್ಟು, ನಿಧಾನಕ್ಕೆ ನೀರು ಹುಯ್ದಳು. ತಣ್ಣಗಿನ ನೀರು ಬಿದ್ದದ್ದೇ ಅಜ್ಜಿ ಕಣ್ಣು ಮುಚ್ಚಿಕೊಂಡರು. ಅಜ್ಜಿಯನ್ನು ಅಲ್ಲೇ ಇಳಿಸಿ, ಉಳಿದವರನ್ನು ನಡೆಸಿಕೊಂಡು ಬರಲು ನಾನು ಗಾಡಿಯನ್ನು ಏರಿಗೆ ಹಿಂದಕ್ಕೆ ತೆಗೆದೆ.

ಒಳಗೆ ಬಂದವರಿಗೆ ತಕ್ಷಣ ಏನನ್ನೂ ತೋರಿಸುತ್ತಿರಲಿಲ್ಲ ಅವಳು. ಕೋಟೆ ಬಾಗಿಲಿನ ಪಕ್ಕ ಹುಣಸೆಮರ, ಅದರ ಬುಡಕ್ಕೆ ಕಲ್ಲಿನ ಕಟ್ಟೆ. "ಮೊದ್ಲು ಕೂತ್ಕಳಿ, ಆಮೇಲೆ ನೋಡೀರಂತೆ." ಇದು ಅವಳ ಬಾಯಲ್ಲಿ ದಿನವಿಡೀ ಇರುತ್ತಿದ್ದ ಮಾತು. ಕುಡಿಯಲು ನೀರು, ಆಮೇಲೆ ಟೀ, ಹಸಿದವರಿದ್ದರೆ ರಾಗಿರೊಟ್ಟಿಗೆ ಹುಚ್ಚೆಳ್ಳು ಚಟ್ನಿ. ಒಬ್ಬ ಮಹಾಶಯ ವಾಚು ತೋರಿಸಿ ಟೈಮಿಲ್ಲ ಅಂದಿದ್ದಕ್ಕೆ, "ಟೈಮಿಲ್ದೋನು ಯಾಕ್ ಬೇಟಾ ಬಂದೆ? ಕೋಟೆ ಎಲ್ಲೂ ಓಡೋಗಲ್ಲ, ಕೂತ್ಕ" ಎಂದು ಕೈಗೆ ಟೀ ಲೋಟ ತುರುಕಿದಳು. ಆ ಮನುಷ್ಯ ಕೊನೆಗೆ ಏಳಲೇ ಒಲ್ಲೆ ಅಂದ. ಗಾಳಿ ಹಾಗಿರುತ್ತಿತ್ತು ಅಲ್ಲಿ.

ಕೂತಾದ ಮೇಲೆ ನೋಡುವುದು. ಏಳಲಾರದೆ ಎದ್ದು, ಕೋಲು ಹಿಡಿದು, ಅವಳೇ ಮುಂದೆ. ಬುರುಜು ಹತ್ತಿಸಿ ಸುತ್ತಲಿನ ಬೆಟ್ಟಗಳನ್ನು ತೋರಿಸುವಳು. ಮುರಿದ ಮಿನಾರಿನ ಮಸೀದಿಯಲ್ಲಿ ಪಾರಿವಾಳಗಳಿಗೆ ಗದರುವಳು. ಆಂಜನೇಯನ ಗುಡಿಗೆ ಪೂಜಾರಿ ಶನಿವಾರ ಮಾತ್ರ ಬರುತ್ತಿದ್ದರಿಂದ ಬೀಗದ ಕೈಯೂ ಇವಳ ಸೆರಗಿನ ಗಂಟಲ್ಲೇ ಇರುತ್ತಿತ್ತು. ಆದರೆ ಇವೆಲ್ಲ ಬೇಗ ಬೇಗ. ಅವಳಿಗೆ ತೋರಿಸಬೇಕಾಗಿದ್ದುದು ಕೋಟೆ ಗೋಡೆಯ ಹೊರಮೈಯಲ್ಲಿತ್ತು. ಅಲ್ಲಿ ಕಲ್ಲಿನ ಮೇಲೆ ಉದ್ದಕ್ಕೂ ಒಂದು ಕಪ್ಪು ಪಟ್ಟೆ. ಬಂದವರ ಕೈ ಹಿಡಿದು ಅದರ ಮೇಲೆ ಒತ್ತಿಡುವಳು. "ಇಲ್ಲೀಗಂಟ ನಿಂತಿತ್ತು ನೀರು. ನಾನು ಮದ್ವೆಯಾಗಿ ಬಂದ ದಿವ್ಸ."

ಅವಳ ಗಂಡ ರಸೂಲ್ ಸಾಬ್ರು ಊರಿನ ತೆಪ್ಪದವರು. ಮದುವೆಯ ದಿಬ್ಬಣ ಶಿರಾದಿಂದ ಬಂದಾಗ ತೆಪ್ಪ ನಡೆಸಲು ಬೇರೆ ಯಾರೂ ಇಲ್ಲದೆ ಮದುಮಗನೇ ಹುಟ್ಟು ಹಾಕಬೇಕಾಯಿತಂತೆ. "ತಲೆ ಮ್ಯಾಲೆ ಹೂವಿನ್ ಸೆಹ್ರಾ, ಕೈಯಾಗೆ ಹುಟ್ಟು! ಯಾ ಅಲ್ಲಾ, ಮುಸುಕೊಳಗೇ ನಗ್ತಿದ್ದೆ ಕಣ್ಲಾ. ಮುಸುಕು ಅಲ್ಲಾಡೋದ್ ನೋಡಿ ಹೆಣ್ಣು ಅಳ್ತಾ ಐತೆ ಅಂದ್ಕಂಡ್ರು ಎಲ್ಲಾ." ಇದನ್ನು ಹೇಳುವಾಗ ಪ್ರತಿಸಲವೂ ನಗುತ್ತಿದ್ದಳು. ಕೆರೆ ಬತ್ತಿದ ಮೇಲೆ ಸಾಬ್ರು ಶಿರಾದಲ್ಲಿ ಗಾರೆ ಕೆಲಸಕ್ಕೆ ಹೋದರು, ಅಲ್ಲೇ ತೀರಿಕೊಂಡರು. ತೆಪ್ಪ ಗೆದ್ದಲು ಹಿಡಿದು ಒಲೆಗೆ ಹೋಯಿತು. ಮಗಳು ಶಿರಾದ ತನ್ನ ಮನೆಗೆ ಬಾ ಅಂತ ಎಷ್ಟು ಕರೆದರೂ ಬೂಬಮ್ಮ ಕದಲಲಿಲ್ಲ.

"ಅಲ್ಲೋಗಿ ಏನ್ ಮಾಡ್ಲಿ? ನಂಗಿರೋದು ಒಂದೇ ಆಸೆ ಕಣ್ಲಾ ಮಂಜ. ಊರು ತಿರ್ಗಾ ನೀರೊಳಗೆ ನಿಂತ್ಕಬೇಕು. ಜನ ತೆಪ್ಪದಾಗೆ ಬರ್ಬೇಕು, ನಾನು ಮೆಟ್ಲ ಮ್ಯಾಲೆ ನಿಂತು ಕರೀಬೇಕು. ಅಷ್ಟ್ ನೋಡ್‌ಬುಟ್ರೆ ಸಾಕು."

ನಾನು ಹೂಂ ಅನ್ನುತ್ತಿದ್ದೆ. ನಂಬಿಕೆ ಮಾತ್ರ ಇರಲಿಲ್ಲ.

ಒಂದು ಬೇಸಿಗೆಯಲ್ಲಿ ಊರಿನ ಬಾವಿಯೂ ತಳ ಕಂಡಿತು. ನೆರೆಮನೆಯ ಗಂಗಣ್ಣ ಏರಿಯಾಚೆಯ ಬೋರಿನಿಂದ ಕೊಡ ಹೊತ್ತು ತರುತ್ತಿದ್ದ. ಅವನ ಹೊಲವಿದ್ದದ್ದೂ ಏರಿಯಾಚೆಯೇ. ರಸೂಲ್ ಸಾಬ್ರ ಜೊತೆ ಹುಡುಗನಾಗಿದ್ದಾಗಿನಿಂದ ಓಡಾಡಿದವನು, ಬೂಬಮ್ಮನಿಗೆ ಅವನೇ ಕೈ, ಅವನೇ ಕಾಲು. ಅಂಥ ದಿನಗಳಲ್ಲೂ ನಾನು ಕರೆತಂದವರ ಮುಂದೆ ಅವಳು ಚೊಂಬು ಹಿಡಿದೇ ಬಂದಳು. ಚೊಂಬಿನಲ್ಲಿ ನೀರು ಅರ್ಧವೂ ಇರಲಿಲ್ಲ. ನನಗೆ ಪಿತ್ತ ನೆತ್ತಿಗೇರಿತು.

"ಕುಡಿಯಾಕಿಲ್ದಿರೋ ನೀರ್ನ ಮಣ್ಣಿಗ್ ಹಾಕ್ತೀಯಲ್ಲ ಬೂಬಮ್ಮ, ನಿಂಗೇನ್ ತಲೆ ಕೆಟ್ಟೈತಾ? ಇದ್ಯಾರ್ ಕೇಳ್ತಾರೆ ಈಗ?"

ಅವಳು ಸಿಟ್ಟಾಗಲಿಲ್ಲ. ಗೀಟು ಎಳೆದು ಮುಗಿಸಿ, ಖಾಲಿ ಚೊಂಬನ್ನು ಸೆರಗಿನಲ್ಲಿ ಒರೆಸಿಕೊಂಡು ಹೇಳಿದಳು. "ನಂದು ಕುಡಿಯೋ ಪಾಲೇ ಇದು. ಬೇರೆಯೋರ್ದು ಮುಟ್ಟಿಲ್ಲ ಬುಡು. ಕೆರೆ ಮರ್ತೋಗೈತೆ ಕಣಪ್ಪ, ನೀರು ಇಲ್ಲಿತ್ತು ಅಂತ. ನಾನೂ ಮರ್ತ್‌ಬುಟ್ರೆ ಹೆಂಗೆ?" ಅವತ್ತು ನಾನು ಗಾಡಿಯಲ್ಲಿದ್ದ ನೀರಿನ ಕ್ಯಾನನ್ನು ಅವಳ ಜಗುಲಿಯ ಮೇಲಿಟ್ಟು ಬಂದೆ. ಮುಂದಿನ ವಾರ ಹೋದಾಗ ಅದೇ ನೀರಿನಲ್ಲಿ ಗೀಟು ಎಳೆಯುತ್ತಿದ್ದಳು. ಇಂಥವಳಿಗೆ ಏನು ಹೇಳುವುದು!

ಹೋದ ವರ್ಷ ಮಳೆಯೂ ಚೆನ್ನಾಗಿ ಹುಯ್ಯಿತು, ಹೇಮಾವತಿ ನಾಲೆಯ ನೀರೂ ಬಂತು. ಒಂದು ಬೆಳಿಗ್ಗೆ ಏರಿಯ ಮೇಲೆ ಯಾವುದೋ ಗಾಡಿಯ ಸದ್ದಾದದ್ದಕ್ಕೆ ಬೂಬಮ್ಮ ಎಂದಿನಂತೆ ಚೊಂಬು ತುಂಬಿಕೊಂಡು ಇಳಿದು ಬಂದಿದ್ದಾಳೆ. ದಾರಿಯಿಲ್ಲ. ಅವಳು ಗೀಟು ಎಳೆಯುತ್ತಿದ್ದ ಜಾಗ ರಾತ್ರೋರಾತ್ರಿ ನೀರೊಳಗೆ ಹೋಗಿತ್ತು. "ತಗೋ, ನಿಂದು ನೀನೇ ಇಟ್ಕೋ" ಎಂದು ಚೊಂಬಿನ ನೀರನ್ನು ಕೆರೆಗೇ ಸುರಿದಳಂತೆ. ಹಿಂದೆ ನಿಂತಿದ್ದ ಗಂಗಣ್ಣ ಇದನ್ನು ನನಗೆ ಫೋನಿನಲ್ಲಿ ಹೇಳಿದ.

ಊರು ದ್ವೀಪವಾಯಿತು. ಆದರೆ ಬರುವವರು ನಿಂತುಹೋದರು. ಊರಿನವರು ಲಾರಿ ಟ್ಯೂಬಿನ ಮೇಲೆ ಹಲಗೆ ಕಟ್ಟಿಕೊಂಡು ರೇಷನ್ನಿಗೆ, ಹಾಲಿಗೆ ಓಡಾಡುತ್ತಿದ್ದರು. ಪ್ರವಾಸಿಗರು ಅದರ ಮೇಲೆ ಕೂರುತ್ತಾರೆಯೇ? ನೀರಿನ ನಡುವಿನ ಕೋಟೆಯನ್ನು ಏರಿಯ ಮೇಲಿಂದಲೇ ನೋಡಿ, ಫೋಟೊ ತೆಗೆದುಕೊಂಡು, ಗಾಡಿ ಹತ್ತುತ್ತಿದ್ದರು. ನಾನು ಉದ್ದಕ್ಕೆ ಹಾರನ್ ಹೊಡೆಯುತ್ತಿದ್ದೆ. ಬೂಬಮ್ಮ ಮೆಟ್ಟಿಲಿಗೆ ಬಂದು ಸೆರಗು ಬೀಸುತ್ತಿದ್ದಳು. ಅಷ್ಟು ವರ್ಷ ಎದುರು ನೋಡಿದ ನೀರೇ ಬಂದು ಅವಳ ಕಟ್ಟೆಯನ್ನೇ ಬರಿದು ಮಾಡಿತಲ್ಲ ಅಂತ ನನಗೆ ಸಂಕಟವಾಗುತ್ತಿತ್ತು. ಅವಳಿಗೂ ಆಗಿರಬೇಕು. ಆದರೆ ಅವಳು ಸುಮ್ಮನೆ ಕೂರುವ ಪೈಕಿಯಲ್ಲ. ಗಂಗಣ್ಣನ ಬೆನ್ನು ಹತ್ತಿ, ಬಿದಿರು ತರಿಸಿ, ಹೊಸ ತೆಪ್ಪ ಹೆಣೆಯಲು ಕೂರಿಸಿದಳು. ರಸೂಲ್ ಸಾಬ್ರು ಹೆಣೆಯುವುದನ್ನು ನೋಡಿದ್ದವನು ಅವನೊಬ್ಬನೇ. ಅವನು ಹೆಣೆದದ್ದನ್ನು ಇವಳು ಬಿಚ್ಚಿಸುವುದು, ಮತ್ತೆ ಅವನು ಹೆಣೆಯುವುದು, ಹೀಗೇ ನಡೆಯಿತು. "ನಿನ್ ಕಾಟ ತಡೀನಾರೆ ಬೂಬಮ್ಮ" ಎಂದು ಅವನು ದಿನಾ ಬೈಯುತ್ತಿದ್ದನಂತೆ.

ಕೊನೆಯ ಸಲ ನಾವು ಮಾತಾಡಿದ್ದು ನೀರಿನ ಎರಡು ದಡಗಳಲ್ಲಿ ನಿಂತು. ಗಾಳಿಯಿಲ್ಲದ ಬೆಳಿಗ್ಗೆ, ಕೂಗಿದರೆ ಕೇಳುತ್ತಿತ್ತು.

"ತೆಪ್ಪಕ್ಕೆ ಟಾರು ಬಳ್ದೈತೆ, ಒಣಗ್ತಾ ಐತೆ! ಭಾನ್ವಾರ ಜನ ಕರ್ಕಂಡ್ ಬಾ! ಮೊದ್ಲು ನೀನೇ ಹತ್ಬೇಕು!"

ನನಗೆ ನೀರೆಂದರೆ ಪ್ರಾಣಭಯ. ಬೆಟ್ಟದ ಬುಡದವನು ನಾನು, ಬಂಡೆ ಹತ್ತು ಅಂದರೆ ಹತ್ತಿಯೇನು. "ನಂಗೆ ಈಜು ಬರಲ್ಲ ಬೂಬಮ್ಮ!" ಎಂದು ಕೂಗಿದೆ.

"ಈಜು ಅಂತ ಯಾವನ್ಲಾ ಅಂದೋನು? ಕೂತ್ಕಂಡ್ ಬಾ ಅಂತಿರೋದು!"

ಅವಳ ಪಕ್ಕದಲ್ಲಿ ನಿಂತಿದ್ದ ಗಂಗಣ್ಣ ನಕ್ಕದ್ದು ನನಗೆ ಈ ದಡಕ್ಕೂ ಕೇಳಿಸಿತು. ಬರ್ತೀನಿ ಅಂತ ಕೈಯೆತ್ತಿದೆ.

ಶನಿವಾರ ಬೆಳಿಗ್ಗೆ ಗಂಗಣ್ಣನ ಫೋನು ಬಂತು. "ಬೂಬಮ್ಮ ಹೋಗ್‌ಬುಟ್ಳು ಕಣಪ್ಪ. ನಾಳೆಗೆ ಅಂತ ಮೆಟ್ಲ ಮ್ಯಾಲೆ ಚೊಂಬು ಬೆಳಗ್ತಾ ಕುಂತಿದ್ಳು. ಅಂಗೇ ಒರಗ್ಕಂಡೋಳು ಏಳ್ಲೇ ಇಲ್ಲ." ಭಾನುವಾರದ ಅಡುಗೆಗೆ ಕೈಜೋಡಿಸಲು ಮಗಳು ಹಿಂದಿನ ದಿನವೇ ಟ್ಯೂಬಿನ ಮೇಲೆ ಕೂತು ಬಂದಿದ್ದಳಂತೆ. ಅಷ್ಟಾದರೂ ಆಯಿತಲ್ಲ ಅಂದುಕೊಂಡೆ. ನಾಳೆಗೆ ಗಾಡಿ ಹೇಳಿದ್ದವರಿಗೆ ಬರಬೇಡಿ ಎಂದು ತಿಳಿಸಿ, ಖಾಲಿ ಗಾಡಿಯಲ್ಲಿ ಹೊರಟೆ. ದಾರಿಯುದ್ದಕ್ಕೂ ಅತ್ತೆ.

ನಡುಗೋಟೆಯ ದಿಬ್ಬದ ಮೇಲೆ ಯಾರನ್ನೂ ಮಣ್ಣು ಮಾಡುವುದಿಲ್ಲ, ಅದು ಮೊದಲಿನಿಂದಲೂ ಹಾಗೇ. ಹಿಂದೂಗಳ ಸ್ಮಶಾನವೂ, ಸಾಬರ ಕಬರಸ್ತಾನವೂ ಏರಿಯ ಈಚೆಗಿವೆ. ಏರಿಯ ಮೇಲೆ ನಿಂತು ಫೋನು ಮಾಡಿದಾಗ ಗಂಗಣ್ಣ, "ನೀನು ಅಲ್ಲೇ ಇರು ಮಂಜಣ್ಣ. ಮಧ್ಯಾಹ್ನದ ಮ್ಯಾಲೆ ನಾವೇ ಅವ್ಳನ್ನ ಕರ್ಕಂಡ್ ಬತ್ತೀವಿ. ನಿಂಗೆ ನೀರ್ ಭಯ" ಎಂದ.

"ಇಲ್ಲ ಗಂಗಣ್ಣ. ತೆಪ್ಪ ತಗೊಂಡ್ ಬಾ. ನಾನೇ ಬತ್ತೀನಿ" ಎಂದೆ.

ಹೊಸ ಟಾರಿನ ವಾಸನೆಯ ತೆಪ್ಪ ಬಂತು. ಅದು ಅದರ ಮೊದಲ ಸವಾರಿ. ಕಾಲಿಟ್ಟೊಡನೆ ವಾಲಿತು. ಎರಡೂ ಕೈಯಲ್ಲಿ ಅಂಚು ಹಿಡಿದು ಮುದುರಿ ಕೂತೆ. ಗಂಗಣ್ಣ ಹುಟ್ಟು ಹಾಕುತ್ತಿದ್ದ. ಕೋಟೆಯನ್ನು ನಾನು ನೀರಿನ ಮೇಲಿಂದ ನೋಡಿದ್ದು ಅವತ್ತೇ ಮೊದಲು. ಅವಳು ಕೈಯೊತ್ತಿಸುತ್ತಿದ್ದ ಕಪ್ಪು ಪಟ್ಟೆ ಅರ್ಧಕ್ಕರ್ಧ ಮುಳುಗಿತ್ತು. ಮೆಟ್ಟಿಲು ಹತ್ತಿರವಾದಂತೆ ಬೇಡವೆಂದರೂ ಕಣ್ಣು ಅಲ್ಲಿ ಅವಳನ್ನು ಹುಡುಕಿತು. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಅರ್ಧ ಬೆಳಗಿದ ಚೊಂಬು ಹುಣಸೆಹಣ್ಣು ಮೆತ್ತಿಕೊಂಡು ಹಾಗೇ ಬಿದ್ದಿತ್ತು.

ಚಪ್ಪಲಿ ತೆಪ್ಪದಲ್ಲೇ ಬಿಟ್ಟು ಇಳಿದೆ. ಕೊನೆಯ ಮೆಟ್ಟಿಲ ಮೇಲೆ ನೀರಿತ್ತು. ಪಾದ ಪೂರ್ತಿ ನೆನೆಯಿತು. ನೀರು ಬಂದ ಮೇಲೆ ನೀರು ದಾಟಿ ನಡುಗೋಟೆಗೆ ಬಂದ ಮೊದಲ ಪ್ರವಾಸಿಗ ನಾನೇ. ಮೇಲಿನಿಂದ ಅವಳ ಮಗಳು ಅಳುವುದು ಕೇಳಿಸುತ್ತಿತ್ತು. ಬೂಬಮ್ಮನ ಮುಖ ನೋಡಬೇಕೆಂದು ಅವಸರ ಅವಸರವಾಗಿ ಮೆಟ್ಟಿಲು ಹತ್ತಲು ಹೋದೆ.

ಗಂಗಣ್ಣ ಬಗ್ಗಿ ತೆಪ್ಪವನ್ನು ಗೂಟಕ್ಕೆ ಕಟ್ಟುತ್ತಿದ್ದ. ತಲೆ ಎತ್ತದೆಯೇ ಹೇಳಿದ.

"ಮೊದ್ಲು ಕೂತ್ಕ ಮಂಜಣ್ಣ. ಆಮೇಲೆ ನೋಡೀವಂತೆ."

ಹೇಳಿದ ಮೇಲೆ ಅವನ ಕೈ ಹಗ್ಗದ ಮೇಲೇ ನಿಂತಿತು. ನಾನು ಚೊಂಬಿನ ಪಕ್ಕ, ಕಾಲನ್ನು ನೀರಿನಲ್ಲಿ ಬಿಟ್ಟುಕೊಂಡು ಕೂತೆ. ಅವನೂ ಬಂದು ಕೂತ.