ಸೇಡಂನಲ್ಲಿ ಕಲಿತ ಹಕ್ಕಿನ ಪಾಠ

ಸೇಡಂಗೆ ಬಂದ ಎರಡನೆಯ ವಾರದಲ್ಲೇ ನಾನು ಒಬ್ಬ ಹೆಂಗಸಿನ ತಾಯಿಯ ಹೆಸರಿಗೆ ಇಲ್ಲದ ಹೊಲವನ್ನು ಬರೆದುಬಿಟ್ಟೆ.

ಆಕೆಯ ಹೆಸರು ಶಾಂತಾಬಾಯಿ. ಚಿಂಚೋಳಿ ತಾಲ್ಲೂಕಿನ ಐನಾಪುರದಲ್ಲಿ ಹುಟ್ಟಿ, ಸೇಡಂ ಬಳಿಯ ಹಳ್ಳಿಯೊಂದಕ್ಕೆ ಮದುವೆಯಾಗಿ ಬಂದವಳು. ಅಪ್ಪ ತೀರಿಕೊಂಡ ಮೇಲೆ ತವರಿನ ಹೊಲದಲ್ಲಿ ಪಾಲು ಕೇಳಲು ಸುಲೋಚನಾ ಮೇಡಂ ಅವರ ವಕೀಲಿ ಕಚೇರಿಗೆ ಬಂದಿದ್ದಳು. ನಾನು ಅಲ್ಲಿ ಆಗಷ್ಟೇ ಜೂನಿಯರ್ ಆಗಿ ಸೇರಿದ್ದೆ. "ಹೊಲ ನಮ್ಮ ಆಯಿದ್ರಿ" ಎಂದಳು. ಅಂಕೋಲೆಯ ನಮ್ಮ ಮನೆಯಲ್ಲಿ ಆಯಿ ಎಂದರೆ ಹೆತ್ತ ತಾಯಿ. ಹಾಗೆಯೇ ಬರೆದುಕೊಂಡು ಓದಿ ಹೇಳಿದೆ. ಶಾಂತಾಬಾಯಿ ಮೇಡಂ ಕಡೆ ನೋಡಿದಳು.

"ಅಕ್ಕಾರ, ನಮ್ಮವ್ವನ ಹೆಸರಿಲೆ ಅಂಗೈಯಷ್ಟೂ ಹೊಲ ಇಲ್ರಿ. ಆಯಿ ಅಂದ್ರ ನಮ್ಮಪ್ಪನ ಅವ್ವ."

ಮೇಡಂ ನಕ್ಕರು. "ಇಕಿ ಸಮುದ್ರದ ದಂಡಿಯಿಂದ ಬಂದಾಳವ್ವಾ. ಕಾಯ್ದೆ ಬರ್ತದ, ನಮ್ಮ ಮಾತ ಇನ್ನಾ ಬರಬೇಕು."

ನಾನೂ ನಕ್ಕೆ. ಆದರೆ ಒಳಗೆ ಬೆವರಿದ್ದೆ. ಕನ್ನಡದ ನಾಡಿನಿಂದ ಕನ್ನಡದ ನಾಡಿಗೇ ಬಂದವಳಿಗೆ ಭಾಷೆಯ ಚಿಂತೆ ಇರುತ್ತದೆಂದು ನಾನು ಎಣಿಸಿರಲಿಲ್ಲ.

ಗಂಡನಿಗೆ ಕೋಡ್ಲಾದ ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ್ದರಿಂದ ನಾವು ಬಂದೆವು. ವಾಡಿ ಜಂಕ್ಷನ್ನಿನಲ್ಲಿ ರೈಲಿನಿಂದ ಇಳಿದಾಗ ಮೊದಲು ಕಂಡದ್ದು ಬಿಸಿಲು, ಆಮೇಲೆ ಊರು. ಸೇಡಂನಲ್ಲಿ ಸಿಕ್ಕ ಬಾಡಿಗೆ ಮನೆಯ ನೆಲವಿಡೀ ಶಹಾಬಾದ್ ಕಲ್ಲು. ನಮ್ಮೂರಲ್ಲಿ ಇದನ್ನು ದುಡ್ಡಿದ್ದವರು ಅಂಗಳಕ್ಕೆ ಹಾಸುತ್ತಾರೆ. ಇಲ್ಲಿ ನೆಲ ಅದೇ, ಅಡುಗೆ ಕಟ್ಟೆ ಅದೇ, ಬಟ್ಟೆ ಒಗೆಯುವ ಕಲ್ಲೂ ಅದೇ. ಏಪ್ರಿಲ್‌ನಲ್ಲಿ ಮನೆಯ ಮಾಲಕಿ ಬಂದು, "ಮಂಚದ ಮ್ಯಾಲ ಯಾಕ ಮಕ್ಕೋತೀರಿ? ಬಂಡಿ ಮ್ಯಾಲ ನೀರ ಹೊಡದು ಮಕ್ಕೋರಿ" ಎಂದಾಗ ನಾನು ಎತ್ತಿನ ಬಂಡಿಯನ್ನು ಹುಡುಕಿದೆ. ಇಲ್ಲಿ ಬಂಡಿ ಎಂದರೆ ನೆಲಕ್ಕೆ ಹಾಸಿದ ಕಲ್ಲು. ಆಕೆ ಹೇಳಿದಂತೆ ಮಾಡಿದೆ. ನಿದ್ದೆ ಬಂತು.

ಮೀನಿಲ್ಲದ ಊಟಕ್ಕೆ ತಿಂಗಳುಗಟ್ಟಲೆ ಮುಖ ಸಿಂಡರಿಸಿದೆ. ಜೋಳದ ರೊಟ್ಟಿಯನ್ನು ಚಪಾತಿಯಂತೆ ಲಟ್ಟಿಸಲು ಹೋಗಿ ಹರಿದುಕೊಂಡೆ. ಅಂಗೈಯಲ್ಲಿ ಬಡಿಯುವುದನ್ನು ಮಾಲಕಿಯೇ ಕಲಿಸಿದರು. ಪುಂಡಿಪಲ್ಯ ಎಂಬ ಹುಳಿ ಸೊಪ್ಪಿನ ಪಲ್ಯ ಮಾತ್ರ ಮೊದಲ ದಿನವೇ ನನ್ನದಾಯಿತು. ಹುಳಿ ಇಲ್ಲದೆ ನಮ್ಮ ಕರಾವಳಿಯವರ ನಾಲಿಗೆ ಬದುಕುವುದಿಲ್ಲ.

ಮಾನವ ಹಕ್ಕುಗಳ ಸ್ನಾತಕೋತ್ತರ ಪದವಿಗೆ ಆನ್‌ಲೈನ್‌ನಲ್ಲಿ ಸೇರಿದ್ದು ಒಂಟಿತನ ಕಳೆಯಲು ಎಂದು ನಮ್ಮವರು ತಿಳಿದಿದ್ದಾರೆ. ಹಾಗೇನಲ್ಲ. ಕಾನೂನು ಓದಿದಾಗಿನಿಂದ ಇದ್ದ ಆಸೆ ಅದು. ಅಂಕೋಲೆಯಲ್ಲಿದ್ದಾಗ ನೆಂಟರು, ಮದುವೆ, ಮುಂಜಿಯ ನಡುವೆ ಓದಲು ಪುರಸೊತ್ತಿರಲಿಲ್ಲ. ಯಾರೂ ಗುರುತಿಲ್ಲದ ಊರು ನನಗೆ ಸಂಜೆಗಳನ್ನು ಕೊಟ್ಟಿತು. ಗಂಡ ಪಾಳಿ ಮುಗಿಸಿ ಬರುವಷ್ಟರಲ್ಲಿ ಲ್ಯಾಪ್‌ಟಾಪ್‌ನಲ್ಲಿ ತರಗತಿ ನಡೆದಿರುತ್ತಿತ್ತು. ಆತ ಸದ್ದಿಲ್ಲದೆ ಅನ್ನಕ್ಕಿಡುತ್ತಿದ್ದ.

ಒಂದು ಸಂಜೆ ಪ್ರಾಧ್ಯಾಪಕರು, ಮಾನವ ಹಕ್ಕನ್ನು ಯಾರೂ ಕಸಿಯುವಂತಿಲ್ಲ, ಹಕ್ಕುಳ್ಳವರೂ ತಾವಾಗಿ ಬಿಟ್ಟುಕೊಡುವಂತಿಲ್ಲ ಎಂದು ವಿವರಿಸಿದರು. ಮರುದಿನ ಶಾಂತಾಬಾಯಿ ನಮ್ಮ ಕಚೇರಿಯಲ್ಲಿ ಕುಳಿತಿದ್ದಾಗ ಅವಳ ತಮ್ಮ ಶಿವರಾಯ ಬಂದ. ಅವನ ಕೈಯಲ್ಲಿದ್ದ ಕಾಗದದ ತಲೆಬರಹ ಹಕ್ಕು ಬಿಡುಗಡೆ ಪತ್ರ.

"ಅಕ್ಕಾ, ಎಲ್ಲಾರ ಮನ್ಯಾಗ ಅಕ್ಕತಂಗೇರು ಸಹಿ ಹಾಕ್ತಾರ. ನೀ ಏನ ಹೊಸಾದು ಮಾಡಾಕತ್ತಿ?" ಎಂದ. ಕೆಟ್ಟವನಂತೆ ಕಾಣಲಿಲ್ಲ. ಅಕ್ಕನ ಎದುರು ಕುಳಿತುಕೊಳ್ಳದೆ ನಿಂತೇ ಇದ್ದ.

"ಕುಂದ್ರಪಾ ಮೊದಲ," ಎಂದಳು ಶಾಂತಾಬಾಯಿ. "ಸಹಿ ಹಾಕಿದ್ರ ನಾ ಐನಾಪುರಕ್ಕ ಪಾವಣೇರಾಂಗ ಬರ್ತೀನಿ. ಹೊಲ ಇದ್ರ ಮನಿಮಗಳಾಗಿ ಬರ್ತೀನಿ."

ಪಾವಣೇರು ಎಂದರೆ ನೆಂಟರು, ಉಂಡು ಹೋಗುವವರು.

"ಅಂದ್ರ ನನ್ನ ಕೋರ್ಟಿಗಿ ಎಳೀತಿ?"

"ನೀ ಕರದ್ರ ಮನಿಗಿ ಬರ್ತೀನಿ. ಕರೀಲಿಲ್ಲ ಅಂದ್ರ ಕೋರ್ಟಿಗಿ ಬರ್ತೀನಿ. ಬರೂದು ಅಂತೂ ಬರ್ತೀನಿ."

ಶಿವರಾಯ ಕಾಗದ ಮಡಚಿಕೊಂಡು ಹೊರಟುಹೋದ. ಅವಳು ತಂಬಿಗೆ ನೀರು ಪೂರ್ತಿ ಕುಡಿದಳು. ಆಮೇಲೆ ನನ್ನ ಕಡೆ ತಿರುಗಿ ಮೆತ್ತಗೆ ಹೇಳಿದಳು: "ಹಕ್ಕ ಕೇಳಿದ್ರ ತವರಿ ಹೋಗ್ತದ ಅಂತಾರ್ರಿ. ನಂಗೂ ಭಾಳ ಅಂಜಿಕಿ ಅದ."

ಮುಂದಿನ ತರಗತಿಯಲ್ಲಿ ನಾನು ಕೈ ಎತ್ತಿದೆ. ನಮ್ಮಲ್ಲಿ ಹಕ್ಕು ಬಿಡಲೆಂದೇ ಒಂದು ಪತ್ರವಿದೆ, ಸಹಿ ಹಾಕುವವರು ಹೆಚ್ಚಾಗಿ ಹೆಣ್ಣುಮಕ್ಕಳು, ಹಾಕುವುದು ಪ್ರೀತಿ ಉಳಿಯಲಿ ಎಂದು. ಇದನ್ನು ಪಾಠದಲ್ಲಿ ಎಲ್ಲಿಡಬೇಕು ಎಂದು ಕೇಳಿದೆ. ಕೇರಳದ ಸಹಪಾಠಿಯೊಬ್ಬಳು ಕೂಡಲೇ ಮೈಕ್ ಹಾಕಿ, ತಾನೂ ಅಂಥದ್ದಕ್ಕೆ ಸಹಿ ಹಾಕಿದ್ದಾಗಿ ಹೇಳಿದಳು. ಪ್ರಾಧ್ಯಾಪಕರು, "ಇದನ್ನು ನೀವೇ ಬರೆಯಬೇಕು" ಎಂದರು. ದೂರದ ದೇಶಗಳ ಒಪ್ಪಂದಗಳ ಬಗ್ಗೆ ನಾನು ಆರಿಸಿದ್ದ ಪ್ರಬಂಧದ ವಿಷಯ ಅಂದೇ ಬದಲಾಯಿತು.

ಅದರ ನಂತರ ಚಿತ್ತಾಪುರ, ಶಹಾಬಾದ್, ಚಂದಾಪುರ ಎಂದು ಬಸ್ಸಿನಲ್ಲಿ ಅಲೆದೆ. ಹೆಂಗಸರ ಜೊತೆ ಕಟ್ಟೆಯ ಮೇಲೆ ಕುಳಿತು ಅವರು ಸಹಿ ಹಾಕಿದ ಕತೆಗಳನ್ನು ಕೇಳಿದೆ. ನನ್ನ ಕನ್ನಡ ಕೇಳಿ ಮೊದಲು ನಗುತ್ತಿದ್ದರು, ಆಮೇಲೆ ತಿದ್ದುತ್ತಿದ್ದರು. ತಿದ್ದುವವರು ಮನಸ್ಸು ಬಿಚ್ಚಿ ಮಾತಾಡುತ್ತಾರೆಂಬುದು ನನಗೆ ಬೇಗ ತಿಳಿಯಿತು. ಹೊರಗಿನವಳಾಗಿದ್ದೇ ಒಳ್ಳೆಯದಾಯಿತು, ನಾನು ಯಾರ ಬೀಗರೂ ಅಲ್ಲ, ಯಾರ ಮನೆಗೂ ಸುದ್ದಿ ಒಯ್ಯುವುದಿಲ್ಲ.

ಪಂಚಮಿ ಬಂತು. ಈ ಕಡೆ ಅದು ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ. ಶಿವರಾಯ ಅಕ್ಕನನ್ನು ಕರೆಯಲು ಬರಲಿಲ್ಲ. ಶಾಂತಾಬಾಯಿ ತಾನೇ ಕಟ್ಟಿದ ಶೇಂಗಾ ಉಂಡೆಗಳನ್ನು ಡಬ್ಬಿಯಲ್ಲಿ ತಂದು ನಮ್ಮ ಮೇಜಿನ ಮೇಲಿಟ್ಟಳು. "ಈ ಸಲ ಇದೇ ನನ್ನ ತವರಿ ಅನಕೋತೀನ್ರಿ" ಎಂದು ನಗಲು ನೋಡಿದಳು. ಆಗಲಿಲ್ಲ. ಮೇಡಂ ಎದ್ದುಹೋಗಿ ಅವಳ ಪಕ್ಕ ಕುಳಿತರು.

ದಾರಿ ತೆರೆದದ್ದು ಶಿವರಾಯನ ಹೆಂಡತಿಯಿಂದ. ಅವಳ ಅಣ್ಣಂದಿರೂ ಅಂಥದ್ದೇ ಪತ್ರ ತಂದು ಅವಳ ಮುಂದಿಟ್ಟಿದ್ದರಂತೆ. "ನೀ ನಿಮ್ಮಕ್ಕಗ ಕೊಡು, ಆಮ್ಯಾಲ ನಾ ನಮ್ಮಣ್ಣಾರಿಗಿ ಮಾರಿ ಎತ್ತಿ ಕೇಳ್ತೀನಿ" ಎಂದು ಗಂಡನಿಗೆ ಹೇಳಿದಳಂತೆ. ದೀಪಾವಳಿ ಕಳೆದ ಮೇಲೆ ಶಿವರಾಯ ಅವಳನ್ನೂ ಕರೆದುಕೊಂಡು ಕಚೇರಿಗೆ ಬಂದ. ಈ ಸಲ ತಾನೇ ಕುಳಿತ. ಹೊಲ ಅಳೆಸಿ ಭಾಗ ಮಾಡಿದರು. ತನ್ನ ಪಾಲನ್ನು ಶಾಂತಾಬಾಯಿ ಬೆಳೆ ಹಂಚಿಕೊಳ್ಳುವ ಕರಾರಿನ ಮೇಲೆ ತಮ್ಮನಿಗೇ ಉಳಲು ಕೊಟ್ಟಳು: ತೊಗರಿ ಅವನು ಬೆಳೆಯಬೇಕು, ರಾಶಿಯ ಹೊತ್ತಿಗೆ ಅವಳು ಹೋಗಬೇಕು. ಹೋದಳು. ನನ್ನ ಪ್ರಬಂಧಕ್ಕೆ ಒಳ್ಳೆಯ ಅಂಕ ಬಂತು. ಓದಿ ಕನ್ನಡದಲ್ಲಿ ಹೇಳಿ ಎಂದು ಶಾಂತಾಬಾಯಿಯೇ ಹೇಳಿ, ಕೇಳಿಸಿಕೊಂಡು, ಎರಡು ಕಡೆ ತಿದ್ದಿಸಿದಳು.

ಕಳೆದ ತಿಂಗಳು ಅಂಕೋಲೆಯಿಂದ ನನ್ನ ಅಣ್ಣನ ಫೋನ್ ಬಂತು. ತೀರಿಹೋದ ಅಪ್ಪನ ಹೆಸರಿನಲ್ಲೇ ಉಳಿದಿದ್ದ ಜಾಗವನ್ನು ತನ್ನ ಹೆಸರಿಗೆ ಮಾಡಿಕೊಳ್ಳುವುದಿತ್ತು. "ಸಹಿ ಹಾಕೂಕೆ ಯಾವಾಗ ಬತ್ತೆ?" ಎಂದು ಕೇಳಿದ. ಊಟಕ್ಕೆ ಬಾ ಎಂದಷ್ಟೇ ಸಲೀಸಾಗಿ ಕೇಳಿದ.

ನನ್ನ ಬಾಯಿಂದ ಉತ್ತರ ತಡವಿಲ್ಲದೆ ಬಂತು. "ಬರ್ತೀನಿ ಅಣ್ಣಾ. ಕುಂತು ಮಾತಾಡೂಣು. ಸಹಿ ಮಾತ್ರ ಈಗ ಹಾಕೂದಿಲ್ಲ."

ಅತ್ತ ಕಡೆ ದೂರದಲ್ಲಿ ಅತ್ತಿಗೆ ಯಾರ ಜೊತೆಗೋ ಮೀನಿನ ಚೌಕಾಸಿ ಮಾಡುವುದು ಕೇಳುತ್ತಿತ್ತು, ಬಂಗಡೆಯೋ ತಾರಲೆಯೋ ತಿಳಿಯಲಿಲ್ಲ. ಬಾಯಲ್ಲಿ ನೀರೂರಿತು.

"ನೀನು ಅಲ್ಲಿಯೋಳೇ ಆಗಿಬಿಟ್ಟೆ," ಎಂದ ಅಣ್ಣ.

ಇಲ್ಲಿ ಬಸ್ಸಿನಲ್ಲಿ ಬಾಯಿ ತೆರೆದರೆ ಈಗಲೂ "ಯಾವ ಕಡ್ಯಾರ್ರಿ ನೀವು?" ಎಂದು ಕೇಳುತ್ತಾರೆ. ಅದನ್ನು ಅವನಿಗೆ ಹೇಳಲು ಹೋಗಲಿಲ್ಲ. ಬರುವ ಶನಿವಾರಕ್ಕೆ ವಾಡಿಯಿಂದ ಟಿಕೆಟ್ ಮಾಡಿಸಿದ್ದೇನೆ. ಹೋಗುವುದಕ್ಕೂ ಮಾಡಿಸಿದ್ದೇನೆ, ತಿರುಗಿ ಬರುವುದಕ್ಕೂ ಮಾಡಿಸಿದ್ದೇನೆ. ಎರಡಕ್ಕೂ ನಾನು ಹೇಳುವುದು ಊರಿಗೆ ಹೋಗುತ್ತೇನೆ ಎಂದೇ.