ತಡವಾಗಿ ಬರುವ ನಗು

ನನ್ನ ಹೆಂಡತಿ ಸಿರುಗುಪ್ಪದವಳು. ತೆಲುಗು ಅವಳಿಗೆ ನೀರು ಕುಡಿದಷ್ಟು ಸುಲಭ. ನಾನು ಕುರುಗೋಡಿನವನು, ಇಷ್ಟು ವರ್ಷ ಬಳ್ಳಾರಿಯಲ್ಲಿದ್ದೂ ಅಂಗಡಿಯಲ್ಲಿ ಸಾಕಾಗುವಷ್ಟು ತೆಲುಗು ಬಿಟ್ಟರೆ ಹೆಚ್ಚು ತಲೆಗೆ ಹತ್ತಲಿಲ್ಲ. ಸಿನಿಮಾಕ್ಕೆ ಹೋದರೆ ಒಂದೊಂದು ಜೋಕನ್ನೂ ಅವಳು ಕಿವಿಯಲ್ಲಿ ಕನ್ನಡ ಮಾಡಿ ಹೇಳಬೇಕು. ಟಾಕೀಸೆಲ್ಲ ನಕ್ಕು ಮುಗಿಸಿದ ಮೇಲೆ ನಾನೊಬ್ಬನೇ ನಗುತ್ತಿದ್ದೆ. ಮುಂದಿನ ಸಾಲಿನವರು ತಿರುಗಿ ನೋಡುತ್ತಿದ್ದರು.

"ನಮ್ಮ ಟ್ಯೂಬ್‌ಲೈಟು ಈಗ ಹತ್ತೇತಿ ನೋಡ್ರಿ," ಎಂದು ಅವಳು ಅವರಿಗೇ ಹೇಳುತ್ತಿದ್ದಳು.

ಅವಳು ತೀರಿಕೊಂಡ ಮೇಲೆ ಸಿನಿಮಾ ಬಿಟ್ಟೆ. ಕೌಲ್ ಬಜಾರಿನ ಮನೆಯಲ್ಲಿ ಕೂತು ಒಂದು ಕಾದಂಬರಿ ಓದಿದೆ. ಅದರಲ್ಲಿ ಮುಂದೆಂದೋ ಒಂದು ಕಾಲಕ್ಕೆ ಊರಿನ ಜನರೆಲ್ಲ ಮಾಯವಾಗಿ ಒಬ್ಬನೇ ಉಳಿಯುತ್ತಾನೆ. ದಿನಾ ಸಂಜೆ ಮನೆಮನೆಗೆ ಹೋಗಿ ದೀಪ ಹಚ್ಚಿ ಬರುತ್ತಾನೆ. ಇಡೀ ಪುಸ್ತಕದಲ್ಲಿ ಮದ್ದಿಗೆಂದರೂ ಒಂದು ನಗುವಿಲ್ಲ. ನನಗೆ ಬಹಳ ಹಿಡಿಸಿತು. ಊರೇ ಇಲ್ಲದವನಿಗೆ ಪಕ್ಕದ ಕುರ್ಚಿಯೊಂದೇ ಖಾಲಿ ಎನ್ನಿಸುವುದಿಲ್ಲವಲ್ಲ. ಮುಗಿಸಿ ಮತ್ತೆ ಮೊದಲಿನಿಂದ ಹಿಡಿದೆ.

ಸಿರುಗುಪ್ಪದಿಂದ ಅವಳ ತಮ್ಮ ಫೋನ್ ಮಾಡಿದಾಗ ಅವನಿಗೂ ಆ ಕತೆ ಹೇಳಿದೆ.

"ಭಾವಾ, ಆ ಸೂತಕದ ಪುಸ್ತಕ ಮುಚ್ಚಿಡ್ರಿ. ಗಾಂಜಾ ಸೇದೋರದ್ದೊಂದು ತೆಲುಗು ಸಿನಿಮಾ ಬಂದೈತಿ, ನಕ್ಕು ನಕ್ಕು ಸಾಕಾತು. ಅಕ್ಕ ಇದ್ದಿದ್ರ ನಿಮ್ಮನ್ನ ಎಳಕೊಂಡು ಹೋಗ್ತಿದ್ಲು."

ಆ ಕೊನೆಯ ಮಾತಿಗೆ ಸೋತು ಮ್ಯಾಟ್ನಿಗೆ ಹೋದೆ. ಅಮಲೇರಿದ ಇಬ್ಬರು ಗೆಳೆಯರು ಒಂದು ಮನೆಯ ಬಾಗಿಲು ಬಡಿದು, ಏನೋ ಗೊಣಗಿ, ಮೆಟ್ಟಿಲ ಮೇಲೆ ಕೂತರು. ಟಾಕೀಸು ಬಿದ್ದು ಬಿದ್ದು ನಕ್ಕಿತು. ನಾನು ರೂಢಿಯಂತೆ ಎಡಕ್ಕೆ ಕಿವಿಯೊಡ್ಡಿ ಬಾಗಿದೆ. ಅಲ್ಲಿ ಕೂತಿದ್ದವರು ಖಾಕಿ ಅಂಗಿಯ ಒಬ್ಬ ಆಟೋದವರು. ಅವರೇನೂ ತಪ್ಪು ತಿಳಿಯಲಿಲ್ಲ.

"ತಿಳೀಲಿಲ್ಲೇನ್ರಿ? ಅದು ಅವರದ ಮನಿ. ಇರೋರು ಇಬ್ರ, ಇಬ್ರೂ ಹೊರಗ ಕುಂತಾರ. ಮನಿಯವ್ರು ಎಲ್ಲೋ ಹೋಗ್ಯಾರ, ಬರೋತನಕ ಕಾಯೋಣು ಅಂತಾರ್ರಿ."

ಹೂಂ ಎಂದೆ. ನಗು ಬರಲಿಲ್ಲ. ಇದನ್ನೇ ಅವಳು ಹೇಳಿದ್ದರೆ ಬರುತ್ತಿತ್ತು ಎನ್ನಿಸಿತು. ಇನ್ನು ಈ ಜನ್ಮಕ್ಕೆ ನಗು ಮುಗಿಯಿತೆಂದುಕೊಂಡು ಇಂಟರ್ವಲ್ಲಿಗೇ ಎದ್ದು ಬಂದೆ.

ಮನೆ ಮುಟ್ಟಿ ಬೀಗ ತೆಗೆಯುವ ಮುಂಚೆ, ಏನು ತೋಚಿತೋ, ಬಾಗಿಲು ಬಡಿದೆ. ಯಾರೂ ಬರಲಿಲ್ಲ. ಬರುವವರೆಗೆ ಕಾಯೋಣವೆಂದು ಮೆಟ್ಟಿಲ ಮೇಲೆ ಕೂತೆ. ಆಗ ನಗು ಬಂತು. ತಡೆಯಲಾಗಲಿಲ್ಲ, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಎದುರುಮನೆಯವರು ಹೊರಗೆ ಬಂದು ನನ್ನನ್ನೇ ನೋಡುತ್ತ ನಿಂತರು. ಟ್ಯೂಬ್‌ಲೈಟು ಈಗ ಹತ್ತೇತಿ ಎಂದು ಅವರಿಗೆ ಹೇಳಲು ಯಾರೂ ಇರಲಿಲ್ಲ.